ಕೊಳೆಯುವ ಪ್ಲಾಸ್ಟಿಕ್‌ಗೆ ಯಾವ ಖನಿಜದ ಪುಡಿ ಬೆರೆಸಬೇಕು?

ಪಿಎಲ್‌ಎ (ಲ್ಯಾಕ್ಟಿಕ್ ಆಮ್ಲದಿಂದ ಮಾಡುವ ಕೊಳೆಯುವ ಪ್ಲಾಸ್ಟಿಕ್) ತಟ್ಟೆ ಕೈ ಜಾರಿ ಬಿದ್ದರೆ ಚೂರಾಗುತ್ತದೆ. ಕುದಿಯುವ ನೀರು ಸುರಿದರೆ ಸೊಟ್ಟಗಾಗುತ್ತದೆ. ಪಿಬಿಎಟಿ ಅನ್ನುವ ಇನ್ನೊಂದು ಕೊಳೆಯುವ ಪ್ಲಾಸ್ಟಿಕ್‌ನ ಚೀಲದ ತೊಂದರೆ ಬೇರೆ. ಅದು ತೀರಾ ಮೆತ್ತಗೆ, ಭಾರ ಬಿದ್ದರೆ ಉದ್ದವಾಗುತ್ತಾ ಹೋಗುತ್ತದೆ, ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್‌ಗೆ ತೇವ ಆಗದು. ಇದರ ಮೇಲೆ ಇವೆಲ್ಲವೂ ಮಾಮೂಲಿ ಪ್ಲಾಸ್ಟಿಕ್‌ಗಿಂತ ದುಬಾರಿ. ಕಲ್ಲಿನ ಪುಡಿ ಬೆರೆಸಿ ಇವುಗಳಲ್ಲಿ ಕೆಲವನ್ನು ಸರಿಮಾಡಬಹುದು ಅನ್ನುವುದು ನಿಜ. ಎಲ್ಲವನ್ನೂ ಒಂದೇ ಪುಡಿಯಿಂದ ಸರಿಮಾಡಬಹುದು ಅನ್ನುವುದು ಮಾತ್ರ ಸುಳ್ಳು.

ಫಿಲ್ಲರ್, ಅಂದರೆ ಹೀಗೆ ಬೆರೆಸುವ ಪುಡಿ, ಹುಡುಕುವವರು ಸಾಮಾನ್ಯವಾಗಿ ಮೊದಲು ಕೇಳುವುದು ಕಿಲೋಗೆ ಎಷ್ಟು ಅಂತ. ಆ ಪ್ರಶ್ನೆ ಮೂರನೆಯದಾಗಿ ಬರಬೇಕು. ಮೊದಲನೆಯದು: ನಿಮ್ಮ ವಸ್ತುವಿನಲ್ಲಿರುವ ಒಂದು ಮುಖ್ಯ ಕೊರತೆ ಯಾವುದು? ಎರಡನೆಯದು: ಅದನ್ನು ತುಂಬಿಕೊಳ್ಳಲು ನೀವು ಏನನ್ನು ಬಿಟ್ಟುಕೊಡಲು ತಯಾರಿದ್ದೀರಿ? ಯಾಕೆಂದರೆ ಪ್ರತಿ ಪುಡಿಯೂ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳುತ್ತದೆ. ಹೆಚ್ಚಿನ ಸಲ ಹೋಗುವುದು ಪೆಟ್ಟು ತಾಳುವ ಗುಣ ಮತ್ತು ಪಾರದರ್ಶಕತೆ. ಇದನ್ನು ಮೊದಲೇ ಒಪ್ಪಿಕೊಂಡು ಕೂತರೆ ಆಯ್ಕೆ ಸುಲಭವಾಗುತ್ತದೆ.

ಪುಡಿಗಿಂತ ಮೊದಲು ಪ್ಲಾಸ್ಟಿಕ್ ನೋಡಿ

ಪಿಎಲ್‌ಎ ಹುಟ್ಟಿನಿಂದಲೇ ಬಿಗಿಯಾದದ್ದು. ಅದರ ಬಿಗಿತ ಸುಮಾರು 3ರಿಂದ 3.5 ಗಿಗಾಪಾಸ್ಕಲ್. ಹಾಗಾಗಿ ಬಿಗಿತಕ್ಕೋಸ್ಕರವೇ ಅದಕ್ಕೆ ಪುಡಿ ಹಾಕುವ ಅಗತ್ಯ ಅಷ್ಟಾಗಿ ಇಲ್ಲ. ಅದರ ಕೊರತೆ ಎರಡು. ಎಳೆದರೆ 5% ಆಸುಪಾಸು ಉದ್ದವಾಗುವಷ್ಟರಲ್ಲಿ ಮುರಿಯುತ್ತದೆ. 55–60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ.

ಪಿಬಿಎಟಿ ಇದಕ್ಕೆ ಪೂರ್ತಿ ಉಲ್ಟಾ. ಸೊನ್ನೆಗಿಂತ 30 ಡಿಗ್ರಿ ಕೆಳಗಿನವರೆಗೂ ಮೃದುವಾಗಿಯೇ ಇರುತ್ತದೆ, ಹರಿಯುವ ಮೊದಲು ತನ್ನ ಉದ್ದದ ಹಲವು ಪಟ್ಟು ಎಳೆಯಬಹುದು. ಆದರೆ ಬಿಗಿತ ಪಿಎಲ್‌ಎಯ ಮೂವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಅದಕ್ಕೇ ಚೀಲ ಮಾಡುವವರು ಪಿಬಿಎಟಿಗೆ ಸ್ವಲ್ಪ ಪಿಎಲ್‌ಎ, ಜೊತೆಗೆ ಪುಡಿ ಬೆರೆಸುತ್ತಾರೆ.

ಪಿಬಿಎಸ್ ಅನ್ನುವ ಕೊಳೆಯುವ ಪ್ಲಾಸ್ಟಿಕ್ ಇವೆರಡರ ನಡುವಿನದು, ಸುಮಾರು 115 ಡಿಗ್ರಿಗೆ ಕರಗುತ್ತದೆ. ಸೂಕ್ಷ್ಮಜೀವಿಗಳು ತಯಾರಿಸುವ ಪಿಎಚ್‌ಬಿ ಅನ್ನುವ ಪ್ಲಾಸ್ಟಿಕ್ ಕರಗುವುದು 175 ಡಿಗ್ರಿ ಹತ್ತಿರ. ಅದರ ಕಷ್ಟ ಏನೆಂದರೆ, ಕರಗಿದ ಸ್ವಲ್ಪ ಮೇಲೆಯೇ ಅದರ ಅಣುಗಳ ಉದ್ದ ಸರಪಳಿಗಳು ತುಂಡಾಗಲು ಶುರುವಾಗುತ್ತವೆ. ಹಾಗಾಗಿ ಪಿಎಚ್‌ಬಿಗೆ ಪುಡಿ ಬೆರೆಸುವಾಗ ಬಿಸಿ ಮತ್ತು ಸಮಯ ಎರಡರಲ್ಲೂ ಕೈ ಬಿಗಿ ಹಿಡಿಯಬೇಕು.

ಕ್ಯಾಲ್ಸಿಯಂ ಕಾರ್ಬೊನೇಟ್: ಎಲ್ಲರ ಮೊದಲ ಆಯ್ಕೆ, ಯಾವಾಗಲೂ ಸರಿಯಾದದ್ದಲ್ಲ

ಸುಣ್ಣದ ಕಲ್ಲನ್ನು ಅರೆದು ಮಾಡಿದ ಪುಡಿ ಇದು. ಮುಂದೆ ಸುಣ್ಣದ ಪುಡಿ ಅಂದರೆ ಇದೇ, ಸುಟ್ಟ ಸುಣ್ಣ ಅಲ್ಲ. ಎಲ್ಲ ಕಡೆ ಸಿಗುತ್ತದೆ, ಅಗ್ಗ, ಬೆಳ್ಳಗಿದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಇದು 3, ಹಾಗಾಗಿ ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರದ ಸ್ಕ್ರೂ ಬೇಗ ಸವೆಯುವುದಿಲ್ಲ. ಕಣಗಳು ಹೆಚ್ಚು ಕಡಿಮೆ ಉಂಡೆ ಉಂಡೆಯಾಗಿರುತ್ತವೆ. ಈ ಆಕಾರವೇ ಇದರ ಬಲ, ಇದರ ಮಿತಿಯೂ ಹೌದು. ಉಂಡೆ ಕಣ ಕರಗಿದ ಪ್ಲಾಸ್ಟಿಕ್‌ನ ಹರಿವನ್ನು ಅಷ್ಟಾಗಿ ತಡೆಯುವುದಿಲ್ಲ, ಆದ್ದರಿಂದ ಜಾಸ್ತಿ ಹಾಕಬಹುದು. ಆದರೆ ಚಪ್ಪಟೆ ಕಣ ಕೊಡುವಷ್ಟು ಬಿಗಿತ ಕೊಡುವುದಿಲ್ಲ, ಗಾಳಿ-ತೇವ ತಡೆಯುವುದರಲ್ಲೂ ಹಿಂದೆ.

ಪಿಬಿಎಟಿ ಚೀಲಕ್ಕೆ ಇದು ಹೇಳಿ ಮಾಡಿಸಿದಂಥದ್ದು. 10ರಿಂದ 30% ತೂಕದವರೆಗೆ ಹಾಕಿದರೂ, ಕರಗಿದ ಪ್ಲಾಸ್ಟಿಕ್‌ಗೆ ಗಾಳಿ ಊದಿ ಮಾಡುವ ಹಾಳೆ ಸರಿಯಾಗಿ ಊದಿಕೊಳ್ಳುತ್ತದೆ. ಬಿಗಿ ಬರುತ್ತದೆ. ಮೇಲ್ಮೈ ಸ್ವಲ್ಪ ಒರಟಾಗುವುದರಿಂದ ಪದರಗಳು ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಖನಿಜಗಳು ಪ್ಲಾಸ್ಟಿಕ್‌ಗಿಂತ ಹತ್ತು ಪಟ್ಟಿನಷ್ಟು ಬೇಗ ಶಾಖ ಸಾಗಿಸುತ್ತವೆ, ಆದ್ದರಿಂದ ಊದಿದ ಹಾಳೆ ಬೇಗ ತಣಿಯುತ್ತದೆ. ಮೆತ್ತನೆಯ ಪಿಬಿಎಟಿಯ ವಿಷಯದಲ್ಲಿ ಈ ಕೊನೆಯ ಲಾಭ ಸಣ್ಣದಲ್ಲ.

ಒಂದು ವಿಷಯವನ್ನು ಹತ್ತಿರದಿಂದ ನೋಡೋಣ. ಕಣದ ಮೇಲೆ ಸ್ಟಿಯರಿಕ್ ಆಮ್ಲದ (ಒಂದು ಬಗೆಯ ಕೊಬ್ಬಿನ ಆಮ್ಲ) ತೆಳು ಲೇಪ ಇರುವ ಪುಡಿ ಸಿಗುತ್ತದೆ. ಇಂಥ ಪುಡಿ ಬೆರೆಸಿದ ತುಂಡನ್ನು ಎಳೆದಾಗ ಕಣ ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನು ಬಿಟ್ಟುಕೊಡುತ್ತದೆ. ಕಣದ ಸುತ್ತ ಸಣ್ಣ ಟೊಳ್ಳು ಹುಟ್ಟುತ್ತದೆ. ಆ ಟೊಳ್ಳುಗಳ ನಡುವೆ ಉಳಿದ ತೆಳು ಗೋಡೆಗಳು ಎಳೆದುಕೊಂಡು ಉದ್ದವಾಗುತ್ತವೆ, ಪೆಟ್ಟಿನ ಶಕ್ತಿಯನ್ನು ನುಂಗುತ್ತವೆ. ಮುರಿದ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಣ ಕಿತ್ತುಬಂದ ಗುಂಡಿಗಳು ಮತ್ತು ಅವುಗಳ ಅಂಚಿನಲ್ಲಿ ಎಳೆ ಎಳೆಯಾದ ಪ್ಲಾಸ್ಟಿಕ್ ಕಾಣುತ್ತದೆ. ಅಂದರೆ ಇಲ್ಲಿ ಕಣ ಗಟ್ಟಿಯಾಗಿ ಅಂಟಿಕೊಳ್ಳದೆ ಇರುವುದೇ ಒಳ್ಳೆಯದು! ಆದರೆ ಗೋಡೆಗಳಿಗೆ ಎಳೆದುಕೊಳ್ಳುವ ಗುಣ ಇದ್ದರೆ ಮಾತ್ರ ಈ ಆಟ ನಡೆಯುತ್ತದೆ. ಪಿಬಿಎಟಿ, ಪಿಬಿಎಸ್‌ನಲ್ಲಿ ನಡೆಯುತ್ತದೆ. ಬರೀ ಪಿಎಲ್‌ಎಯಲ್ಲಿ ಇದರಿಂದ ಸಿಗುವ ಲಾಭ ಕಡಿಮೆ. ಒಡೆಯುವ ಪಿಎಲ್‌ಎಯನ್ನು ಸುಣ್ಣದ ಪುಡಿಯೊಂದರಿಂದಲೇ ಗಟ್ಟಿಮುಟ್ಟು ಮಾಡುತ್ತೇನೆ ಅಂತ ಹೊರಡಬೇಡಿ. ಮೆತ್ತನೆಯ ಇನ್ನೊಂದು ಕೊಳೆಯುವ ಪ್ಲಾಸ್ಟಿಕ್ ಬೆರೆಸಲೇಬೇಕು.

ಕಣದ ಗಾತ್ರ ಕೇಳುವಾಗ ಸರಾಸರಿ ಗಾತ್ರ ಮಾತ್ರ ಕೇಳಿ ಸುಮ್ಮನಾಗಬೇಡಿ. ಸರಾಸರಿ 2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇದ್ದರೂ, ನಡುವೆ ಅಲ್ಲೊಂದು ಇಲ್ಲೊಂದು 20 ಮೈಕ್ರಾನ್ ಕಣ ಇದ್ದರೆ, 15 ಮೈಕ್ರಾನ್ ಹಾಳೆಯಲ್ಲಿ ಅದು ನೇರವಾಗಿ ತೂತು. ತೆಳು ಹಾಳೆಗೆ ಪುಡಿ ಕೊಳ್ಳುವಾಗ ಅತಿ ದೊಡ್ಡ ಕಣದ ಗಾತ್ರವೇ ಮುಖ್ಯ ಸಂಖ್ಯೆ.

ಕಿಲೋ ಲೆಕ್ಕ ಬಿಟ್ಟು ಲೀಟರ್ ಲೆಕ್ಕ ಹಿಡಿಯಿರಿ

ಈಗ ಬೆಲೆಯ ಮಾತು. ಫಿಲ್ಲರ್ ಹಾಕಿದರೆ ಉಳಿತಾಯ ಅನ್ನುವವರಲ್ಲಿ ಬಹಳ ಜನ ಕಿಲೋ ಲೆಕ್ಕದಲ್ಲೇ ನಿಂತುಬಿಡುತ್ತಾರೆ. ಆದರೆ ಅಚ್ಚು ತುಂಬುವುದು ತೂಕದಿಂದಲ್ಲ, ಗಾತ್ರದಿಂದ. ಅಲ್ವಾ?

ಪಿಎಲ್‌ಎಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.24 ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟಿನದು 2.7. ಒಂದು ಕಿಲೋದಲ್ಲಿ 30% ಪುಡಿ ಹಾಕಿದ್ದೀರಿ ಅಂದುಕೊಳ್ಳಿ. 700 ಗ್ರಾಂ ಪಿಎಲ್‌ಎ ಹಿಡಿಯುವ ಜಾಗ ಸುಮಾರು 565 ಮಿಲಿಲೀಟರ್. 300 ಗ್ರಾಂ ಪುಡಿ ಹಿಡಿಯುವುದು ಬರೀ 111. ಒಟ್ಟು 676. ಬರೀ ಪಿಎಲ್‌ಎ ಆಗಿದ್ದರೆ ಒಂದು ಕಿಲೋಗೆ 806 ಮಿಲಿಲೀಟರ್ ಬರುತ್ತಿತ್ತು. ಅಂದರೆ ಅದೇ ತೂಕದಲ್ಲಿ ಈಗ 16% ಕಡಿಮೆ ವಸ್ತುಗಳು ಹೊರಬರುತ್ತವೆ.

ಪುಡಿಯ ಬೆಲೆ ಪಿಎಲ್‌ಎ ಬೆಲೆಯ ಕಾಲು ಭಾಗ ಅಂತ ಇಟ್ಟುಕೊಳ್ಳಿ. ಕಿಲೋ ಲೆಕ್ಕದಲ್ಲಿ 22.5% ಉಳಿತಾಯ ಕಾಣುತ್ತದೆ. ಲೀಟರ್ ಲೆಕ್ಕದಲ್ಲಿ ಅದು 7.5%ಕ್ಕೆ ಇಳಿಯುತ್ತದೆ. ಇದರೊಳಗೇ ಬೆರೆಸುವ ಖರ್ಚು, ಒಣಗಿಸುವ ಖರ್ಚು, ಭಾರ ಜಾಸ್ತಿಯಾದದ್ದಕ್ಕೆ ಸಾಗಣೆ ಖರ್ಚು ಎಲ್ಲ ಬರಬೇಕು. ಕೆಲವು ಸಲ ಏನೂ ಉಳಿಯುವುದಿಲ್ಲ. ಪ್ಲಾಸ್ಟಿಕ್ ಬೆಲೆ ತುಂಬಾ ಜಾಸ್ತಿ ಇದ್ದಾಗ, ಉದಾಹರಣೆಗೆ ಪಿಎಚ್‌ಎ (ಪಿಎಚ್‌ಬಿ ಸೇರಿದ ಪ್ಲಾಸ್ಟಿಕ್ ಕುಟುಂಬ) ಬಳಸುವಾಗ, ಲೆಕ್ಕ ಚೆನ್ನಾಗಿ ಕೂಡುತ್ತದೆ. ಹಾಗೆಯೇ ಪುಡಿಯಿಂದ ಬಂದ ಬಿಗಿತದಿಂದ ಗೋಡೆಯನ್ನು ತೆಳ್ಳಗೆ ಮಾಡಲು ಸಾಧ್ಯವಾದರೆ ಲಾಭ ನಿಜವಾಗುತ್ತದೆ. ಇಲ್ಲದಿದ್ದರೆ, ಬರೀ ಅಗ್ಗ ಮಾಡಲು ಪುಡಿ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಟಾಲ್ಕ್: ಬಿಸಿ ತಾಳಬೇಕಾದರೆ

ಬಳಪದ ಕಲ್ಲಿನಲ್ಲಿರುವ ಮುಖ್ಯ ಖನಿಜವೇ ಟಾಲ್ಕ್. ಮೋಸ್ ಅಳತೆಯ ತೀರಾ ಕೆಳಗಿನ ಮೆಟ್ಟಿಲು, 1. ಕಣಗಳು ಚಪ್ಪಟೆ ಹಾಳೆಗಳು. ನೀರನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ಪಿಎಲ್‌ಎಗೆ ಒಂದೇ ಒಂದು ಖನಿಜ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಕಾರಣ ಬಿಗಿತ ಅಲ್ಲ, ಹರಳುಗಟ್ಟುವಿಕೆ.

ಪಿಎಲ್‌ಎ ತುಂಬಾ ನಿಧಾನವಾಗಿ ಹರಳುಗಟ್ಟುತ್ತದೆ. ಅಚ್ಚಿನಲ್ಲಿ ಸಿಗುವ ಕೆಲವೇ ಸೆಕೆಂಡುಗಳಲ್ಲಿ ಅದಕ್ಕೆ ಸಾಲಾಗಿ ನಿಲ್ಲಲು ಸಮಯ ಸಾಲದು. ಅವ್ಯವಸ್ಥೆಯಲ್ಲೇ ಗಟ್ಟಿಯಾಗಿಬಿಡುತ್ತದೆ. ಹೀಗೆ ಗಟ್ಟಿಯಾದ ಪಿಎಲ್‌ಎ 55 ಡಿಗ್ರಿಗೇ ಸೊರಗುತ್ತದೆ. ಟಾಲ್ಕ್‌ನ ಹಾಳೆಗಳು ಹರಳು ಹುಟ್ಟಲು ಜಾಗ ಕೊಡುತ್ತವೆ. ಬರೀ 1% ಟಾಲ್ಕ್ ಹಾಕಿದರೂ 110 ಡಿಗ್ರಿ ಆಸುಪಾಸಿನಲ್ಲಿ ಅರ್ಧ ಹರಳುಗಟ್ಟಲು ಬೇಕಾಗುವ ಸಮಯ ಹಲವು ನಿಮಿಷಗಳಿಂದ ಒಂದು ನಿಮಿಷದ ಹತ್ತಿರಕ್ಕೆ ಇಳಿಯುತ್ತದೆ. ಚೆನ್ನಾಗಿ ಹರಳುಗಟ್ಟಿದ ಪಿಎಲ್‌ಎ, ಕಡಿಮೆ ಭಾರದ ಪರೀಕ್ಷೆಯಲ್ಲಿ, 100 ಡಿಗ್ರಿವರೆಗೂ ಆಕಾರ ಉಳಿಸಿಕೊಳ್ಳಬಲ್ಲದು. ಬಿಸಿ ಪಾನೀಯದ ಲೋಟ, ಮುಚ್ಚಳ, ಚಮಚ ಮಾಡುವವರಿಗೆ ಇದು ದೊಡ್ಡ ವಿಷಯ.

ಆದರೆ ಮೂರು ಷರತ್ತುಗಳಿವೆ. ಅಚ್ಚು ಬಿಸಿಯಾಗಿರಬೇಕು, 90ರಿಂದ 110 ಡಿಗ್ರಿ. ತಣ್ಣನೆಯ ಅಚ್ಚಿಗೆ ಸುರಿದರೆ ಎಷ್ಟು ಟಾಲ್ಕ್ ಹಾಕಿದರೂ ಪ್ರಯೋಜನ ಇಲ್ಲ, ಹರಳು ಬೆಳೆಯುವ ಮೊದಲೇ ಎಲ್ಲ ಗಡುಸಾಗಿಬಿಡುತ್ತದೆ. ಎರಡನೆಯದು, ಪಿಎಲ್‌ಎಯ ದರ್ಜೆ. ಲ್ಯಾಕ್ಟಿಕ್ ಆಮ್ಲದಲ್ಲಿ ಎಲ್ ಮತ್ತು ಡಿ ಅಂತ ಎರಡು ರೂಪಗಳಿವೆ. ಡಿ ರೂಪ ಕಡಿಮೆ ಇದ್ದಷ್ಟೂ ಹರಳು ಬೇಗ. ಅದು ಹತ್ತು ಹನ್ನೆರಡು ಶೇಕಡಾ ದಾಟಿದ ದರ್ಜೆ ಹರಳುಗಟ್ಟುವುದೇ ಇಲ್ಲ. ಅಂಥದ್ದಕ್ಕೆ ಟಾಲ್ಕ್ ಹಾಕಿ ಬಿಸಿ ತಾಳಲಿ ಅಂತ ಕಾಯುವುದು ವ್ಯರ್ಥ. ಮೂರನೆಯದು, ಹರಳುಗಟ್ಟಿದರೆ ಪಾರದರ್ಶಕತೆ ಹೋಗುತ್ತದೆ.

ಬಿಗಿತಕ್ಕಾಗಿ ಟಾಲ್ಕ್ ಅನ್ನು 20–30% ಹಾಕುವವರೂ ಇದ್ದಾರೆ. ಪಿಬಿಎಸ್‌ನಂಥ ಮೆತ್ತನೆಯದಕ್ಕೆ ಸರಿ. ಪಿಎಲ್‌ಎಗೆ ಹಾಗೆ ಹಾಕಿದರೆ ಅದು ಇನ್ನಷ್ಟು ಒಡೆಯುವಂತಾಗುತ್ತದೆ. ಹರಳಿಗೆ ಬೇಕಾದದ್ದು ಸ್ವಲ್ಪವೇ ಪುಡಿ. ಅದನ್ನು ಮೀರಿ ಹಾಕುವ ಮುನ್ನ ಯಾಕೆ ಹಾಕುತ್ತಿದ್ದೇವೆ ಅಂತ ಕೇಳಿಕೊಳ್ಳಿ.

ಟಾಲ್ಕ್‌ನಲ್ಲಿ ಇನ್ನೊಂದು ಕಣ್ಣಿಗೆ ಕಾಣದ ತೊಡಕು ಇದೆ: ನಿಕಲ್. ಕೆಲವು ಟಾಲ್ಕ್ ಗಣಿಗಳು ಮೆಗ್ನೀಸಿಯಂ ಹೆಚ್ಚಿರುವ ಸರ್ಪೆಂಟೈನ್ ಬಂಡೆಗಳಲ್ಲಿವೆ. ಅಲ್ಲಿನ ಟಾಲ್ಕ್‌ನಲ್ಲಿ ನಿಕಲ್ ಕಿಲೋಗೆ 1,000 ಮಿಲಿಗ್ರಾಂಗೂ ಮೀರಿ ಇರಬಹುದು. ಅಂಥದ್ದನ್ನು 20% ಹಾಕಿದರೆ ನಿಮ್ಮ ವಸ್ತುವಿನಲ್ಲಿ ಕಿಲೋಗೆ 200 ಮಿಲಿಗ್ರಾಂ ನಿಕಲ್. ಕಾಂಪೋಸ್ಟ್ ಆಗುವ ಪ್ಯಾಕಿಂಗ್‌ಗೆ ಯುರೋಪಿನ ಇಎನ್ 13432 ಮಾನದಂಡ ಬಿಡುವುದು 25 ಮಾತ್ರ. ಸುಣ್ಣದ ಕಲ್ಲಿನ ಜೊತೆ ಹುಟ್ಟಿದ ಟಾಲ್ಕ್‌ನಲ್ಲಿ ಈ ತೊಂದರೆ ತುಂಬಾ ಕಡಿಮೆ. ಹಾಗಾಗಿ ಬ್ರ್ಯಾಂಡ್ ಹೆಸರಿಗಿಂತ ಗಣಿ ಯಾವ ಬಂಡೆಯದ್ದು ಅಂತ ಕೇಳಿ, ಲೋಹಗಳ ಪರೀಕ್ಷೆಯ ಪಟ್ಟಿ ಕೇಳಿ. ಕಲ್ನಾರು ಬೆರೆತಿಲ್ಲ ಅನ್ನುವ ಪ್ರಮಾಣಪತ್ರವೂ ಬೇಕು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕ್ ಅನ್ನು "ಬಹುಶಃ ಕ್ಯಾನ್ಸರ್ ತರುವಂಥದ್ದು" ಅನ್ನುವ ಗುಂಪಿಗೆ ಸೇರಿಸಿತು. ಪ್ಲಾಸ್ಟಿಕ್‌ನೊಳಗೆ ಸೇರಿಹೋದ ಮೇಲೆ ಧೂಳು ಏಳುವುದಿಲ್ಲ, ಆದರೆ ಮೂಟೆ ಬಿಚ್ಚಿ ಸುರಿಯುವ ಕೆಲಸಗಾರರ ಮೂಗಿಗೆ ಒಳ್ಳೆಯ ಮಾಸ್ಕ್, ಧೂಳು ಹೀರುವ ವ್ಯವಸ್ಥೆ ಇರಲೇಬೇಕು. ಇದರಲ್ಲಿ ಉಳಿತಾಯ ನೋಡಬಾರದು.

ನ್ಯಾನೋ ಜೇಡಿ: ಗಾಳಿ ತಡೆಯಲು

ಮಾಂಟ್‌ಮೊರಿಲ್ಲೊನೈಟ್ ಅನ್ನುವ ಜೇಡಿಯ ಒಂದೊಂದು ಪದರದ ದಪ್ಪ ಬರೀ 1 ನ್ಯಾನೋಮೀಟರ್, ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಭಾಗ. ಅಗಲ ಅದರ ನೂರು ಪಟ್ಟು ಅಥವಾ ಇನ್ನೂ ಜಾಸ್ತಿ. ಈ ಪದರಗಳನ್ನು ಬಿಡಿಸಿ ಪ್ಲಾಸ್ಟಿಕ್‌ನಲ್ಲಿ ಹರಡಿದರೆ, ಹೆಂಚು ಹೊದಿಸಿದ ಮಾಡಿನ ಹಾಗೆ, ಒಳಗೆ ನುಗ್ಗುವ ಆಮ್ಲಜನಕ ನೇರ ಹೋಗಲಾಗದೆ ಸುತ್ತಿಬಳಸಿ ಸಾಗಬೇಕಾಗುತ್ತದೆ.

ಇದಕ್ಕೆ ನೀಲ್ಸನ್ ಅನ್ನುವ ಸಂಶೋಧಕ 1967ರಲ್ಲಿ ಕೊಟ್ಟ ಒಂದು ಸರಳ ಸೂತ್ರ ಇದೆ. ಅದರ ಪ್ರಕಾರ ಲೆಕ್ಕ ಹಾಕಿ ನೋಡಿ. ಅಗಲ ದಪ್ಪದ ನೂರು ಪಟ್ಟು ಇರುವ ಪದರಗಳು ಒಟ್ಟು ಗಾತ್ರದಲ್ಲಿ (ತೂಕದಲ್ಲಲ್ಲ) 2% ಇದ್ದರೆ ಸಾಕು, ಅನಿಲ ನುಸುಳುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹತ್ತು ಪಟ್ಟು ಅಗಲದ ಟಾಲ್ಕ್ ಹಾಳೆಗಳನ್ನು ಗಾತ್ರದಲ್ಲಿ 10% ಹಾಕಿದರೆ 60%ಗೆ ಇಳಿಯುತ್ತದೆ. ಉಂಡೆ ಕಣಗಳನ್ನು ಅಷ್ಟೇ ಹಾಕಿದರೆ 86%ರಲ್ಲೇ ನಿಲ್ಲುತ್ತದೆ. ಇದು ಎಲ್ಲ ಪದರಗಳೂ ಮಲಗಿಕೊಂಡು ಸಾಲಾಗಿ ನಿಂತಾಗಿನ ಲೆಕ್ಕ. ನಿಜದಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ಆಕಾರಕ್ಕೆ ಎಷ್ಟು ಬೆಲೆ ಇದೆ ಅನ್ನುವುದು ಇದರಲ್ಲಿ ಕಾಣುತ್ತದೆ.

ಕಷ್ಟ ಇರುವುದು ಪದರ ಬಿಡಿಸುವುದರಲ್ಲಿ. ಜೇಡಿಗೆ ನೀರು ಇಷ್ಟ, ಪಿಎಲ್‌ಎಗೆ ಅಷ್ಟು ಇಷ್ಟ ಇಲ್ಲ. ಹಾಗಾಗಿ ಜೇಡಿಯ ಪದರಗಳ ನಡುವೆ ಅಮೋನಿಯಂ ಜಾತಿಯ ಸಾಬೂನಿನಂಥ ವಸ್ತು ಸೇರಿಸುತ್ತಾರೆ. ಅದು 180–200 ಡಿಗ್ರಿ ಸುತ್ತಮುತ್ತ ಒಡೆಯಲು ಶುರುವಾಗುತ್ತದೆ. ಪಿಎಲ್‌ಎ ಕರಗಿಸುವುದೂ ಹೆಚ್ಚು ಕಡಿಮೆ ಅದೇ ಬಿಸಿಯಲ್ಲಿ. ಬಣ್ಣ ಹಳದಿಯಾಗುವುದು, ಸರಪಳಿ ತುಂಡಾಗುವುದು ಇದರ ಗುರುತು. ಪಿಬಿಎಟಿ, ಪಿಬಿಎಸ್ ಕಡಿಮೆ ಬಿಸಿಯಲ್ಲಿ ಕರಗುತ್ತವೆ, ಆದ್ದರಿಂದ ಅಲ್ಲಿ ಕೆಲಸ ಸುಲಭ. ಪಿಷ್ಟದ ಪ್ಲಾಸ್ಟಿಕ್‌ಗೆ ನೀರು ಇಷ್ಟಪಡುವ ಮಾಮೂಲಿ ಸೋಡಿಯಂ ಜೇಡಿಯೇ ಚೆನ್ನಾಗಿ ಹೊಂದುತ್ತದೆ, ಯಾವ ಸಾಬೂನೂ ಬೇಡ. ಪಿಷ್ಟಕ್ಕೆ ನನ್ನ ಮೊದಲ ಸಲಹೆ ಅದೇ.

ಪ್ರಮಾಣ 3–5% ಸಾಕು. ಅದಕ್ಕೂ ಮೀರಿದರೆ ಪದರಗಳು ಮತ್ತೆ ಗಂಟುಕಟ್ಟುತ್ತವೆ. ಗಂಟು ಅಂದರೆ ಬಿರುಕು ಶುರುವಾಗುವ ಜಾಗ. ದುಡ್ಡು ಕೊಟ್ಟು ನ್ಯಾನೋ ಪುಡಿ ತಂದು, ಬೆರೆಸುವಾಗ ಗಂಟು ಮಾಡಿಕೊಂಡರೆ ಅದು ದುಬಾರಿ ಮೈಕ್ರಾನ್ ಪುಡಿ ಅಷ್ಟೇ.

ಉಳಿದವು, ಬೇಗ ಬೇಗ

ಕಯೋಲಿನ್ ಅನ್ನುವ ಬಿಳಿ ಜೇಡಿ ಚಪ್ಪಟೆ, ಅಗ್ಗ, ಗುಣದಲ್ಲಿ ಟಾಲ್ಕ್ ಮತ್ತು ಸುಣ್ಣದ ಪುಡಿಯ ನಡುವೆ. ಪಿಎಲ್‌ಎಯನ್ನು ಹರಳುಗಟ್ಟಿಸುವುದರಲ್ಲಿ ಟಾಲ್ಕ್‌ಗೆ ಸಮ ಅಲ್ಲ. ಅಭ್ರಕ ಒಳ್ಳೆಯ ಬಿಗಿತ ಕೊಡುತ್ತದೆ, ಆದರೆ ಅದರಲ್ಲಿ ಫ್ಲೋರಿನ್ ಇರಬಹುದು. ಇಎನ್ 13432ರಲ್ಲಿ ಫ್ಲೋರಿನ್‌ಗೂ ಮಿತಿ ಇದೆ, ಕಿಲೋಗೆ 100 ಮಿಲಿಗ್ರಾಂ. ವೊಲಾಸ್ಟೊನೈಟ್ ಸೂಜಿಯಂತಿರುವ ಕಣ, ಒಂದು ದಿಕ್ಕಿನಲ್ಲಿ ಬಲ ಕೊಡುತ್ತದೆ, ಆದರೆ ಗಡಸುತನ 4.5ರಿಂದ 5. ಮೂರು ಆಯಾಮದ ಮುದ್ರಣಕ್ಕೆ ಬಳಸುವ ಹಿತ್ತಾಳೆಯ ನಳಿಕೆಯನ್ನು ಇದು ಬೇಗ ತಿನ್ನುತ್ತದೆ.

ಪಾರದರ್ಶಕತೆ ಉಳಿಯಲೇಬೇಕು ಅನ್ನುವವರಿಗೆ ಹರಳಲ್ಲದ ಸಿಲಿಕಾ ಒಂದು ದಾರಿ. ಬೆಳಕನ್ನು ಬಗ್ಗಿಸುವ ಅದರ ಗುಣ ಪಿಎಲ್‌ಎಯದ್ದಕ್ಕೆ ತುಂಬಾ ಹತ್ತಿರ, ಎರಡೂ 1.46 ಆಸುಪಾಸು. ಹಾಗಾಗಿ ಬೆಳಕು ಚದುರುವುದು ಕಡಿಮೆ. ಸುಣ್ಣದ ಪುಡಿಯದ್ದು 1.6ರ ಹತ್ತಿರ, ಅದಕ್ಕೇ ಅದು ಹಾಳೆಯನ್ನು ಹಾಲಿನ ಬಣ್ಣಕ್ಕೆ ತಿರುಗಿಸುತ್ತದೆ. ಸಿಲಿಕಾ ಜಾಸ್ತಿ ಹಾಕಿದರೆ ಕರಗಿದ ಪ್ಲಾಸ್ಟಿಕ್ ತುಂಬಾ ದಪ್ಪಗಾಗುತ್ತದೆ, ಅದು ನೆನಪಿರಲಿ.

ಜಿಪ್ಸಂ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ, ಕಾರಣ ಹೇಳುತ್ತೇನೆ. ಪಿಎಲ್‌ಎಗೆ ಬೇಕಾದ ಲ್ಯಾಕ್ಟಿಕ್ ಆಮ್ಲವನ್ನು ಹುದುಗಿಸಿ ತೆಗೆಯುವ ಹಳೆಯ ವಿಧಾನದಲ್ಲಿ, ಒಂದು ಕಿಲೋ ಆಮ್ಲಕ್ಕೆ ಹೆಚ್ಚು ಕಡಿಮೆ ಒಂದು ಕಿಲೋ ಜಿಪ್ಸಂ ಕಸವಾಗಿ ಉಳಿಯುತ್ತದೆ. ಅದನ್ನು ಸುಮಾರು 500 ಡಿಗ್ರಿ ಮೇಲೆ ಸುಟ್ಟು ನೀರು ಪೂರ್ತಿ ತೆಗೆದರೆ ಪಿಎಲ್‌ಎಗೇ ಬೆರೆಸಬಹುದಾದ ಪುಡಿ ಸಿಗುತ್ತದೆ. ಬೆಲ್ಜಿಯಂನ ಮೋನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಈ ದಾರಿಯಲ್ಲಿ ಸಾಕಷ್ಟು ಕೆಲಸ ಮಾಡಿದ್ದಾರೆ. ಆದರೆ ಅರೆಬರೆ ಸುಟ್ಟ ಜಿಪ್ಸಂ ಖಂಡಿತ ಬೇಡ. ಅದರಲ್ಲಿ ಉಳಿದ ನೀರು ಪಿಎಲ್‌ಎಯನ್ನು ಯಂತ್ರದೊಳಗೇ ಕತ್ತರಿಸಿಹಾಕುತ್ತದೆ.

ಹೈಡ್ರಾಕ್ಸಿಅಪಟೈಟ್ ಮೂಳೆಗೆ ಹಾಕುವ ಸ್ಕ್ರೂಗಳಿಗೆ ಸೇರಿದ್ದು, ಪ್ಯಾಕಿಂಗ್‌ಗೆ ಅಲ್ಲ. ಸತುವಿನ ಆಕ್ಸೈಡ್ ಅನ್ನು ಲೇಪ ಇಲ್ಲದೆ ಪಿಎಲ್‌ಎಗೆ ಹಾಕಬೇಡಿ, ಬಿಸಿಯಲ್ಲಿ ಅದು ಸರಪಳಿಗಳನ್ನು ತುಂಡರಿಸುತ್ತದೆ.

ನೀರು ಅನ್ನುವ ಶತ್ರು

ಪಿಎಲ್‌ಎ ಕರಗಿಸುವ ಮೊದಲು ಅದರ ತೇವ 250 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 250 ಭಾಗ) ಕೆಳಗಿರಬೇಕು ಅನ್ನುವುದು ಎಲ್ಲರೂ ಪಾಲಿಸುವ ನಿಯಮ. ಪ್ಲಾಸ್ಟಿಕ್ ಕಾಳುಗಳನ್ನು ಕಷ್ಟಪಟ್ಟು ಒಣಗಿಸುತ್ತಾರೆ. ಆಮೇಲೆ ಪುಡಿಯನ್ನು ಮೂಟೆಯಿಂದ ಹಾಗೇ ಸುರಿಯುತ್ತಾರೆ! ಪುಡಿಯಲ್ಲಿ 0.2% ತೇವ ಇದ್ದು, ಅದನ್ನು 30% ಹಾಕಿದರೆ, ಅದೊಂದರಿಂದಲೇ 600 ಪಿಪಿಎಂ ನೀರು ಒಳಗೆ ಹೋಯಿತು. ಪ್ಲಾಸ್ಟಿಕ್ ಒಣಗಿಸಿದ್ದೆಲ್ಲ ನೀರುಪಾಲು. ಕರಗಿದ ದ್ರವ ತೆಳ್ಳಗಾಗುತ್ತದೆ, ಹೊರಬರುವ ವಸ್ತು ಬಿಸ್ಕತ್ತಿನಂತೆ ಮುರಿಯುತ್ತದೆ. ಆಗ ದೋಷವನ್ನು ಪುಡಿಯ ಮೇಲೆ ಹೊರಿಸುತ್ತಾರೆ. ಪುಡಿಯನ್ನೂ ಒಣಗಿಸಿ. ಎರಡು ಸ್ಕ್ರೂ ಇರುವ ಯಂತ್ರದಲ್ಲಿ, ಪ್ಲಾಸ್ಟಿಕ್ ಕರಗಿದ ಮೇಲೆ ಪಕ್ಕದ ಬಾಯಿಂದ ಪುಡಿ ಹಾಕಿ. ಆಮೇಲೆ ನಿರ್ವಾತದಿಂದ ಆವಿ ಎಳೆಯಿರಿ. ಸುಣ್ಣದ ಪುಡಿಗೆ ಸ್ವಲ್ಪ ಕ್ಷಾರ ಗುಣವೂ ಇರುವುದರಿಂದ ತೇವ ಸೇರಿದರೆ ಹಾನಿ ಇನ್ನೂ ಜಾಸ್ತಿ. ಲೇಪ ಇರುವ ಪುಡಿ ಇಲ್ಲೂ ನೆರವಿಗೆ ಬರುತ್ತದೆ.

ಕೊಳೆಯುವ ಗುಣ ಉಳಿಯುತ್ತದೆಯೇ?

ಖನಿಜ ಕೊಳೆಯುವುದಿಲ್ಲ, ಅದು ಕಲ್ಲು. ಪ್ಲಾಸ್ಟಿಕ್ ಕೊಳೆತ ಮೇಲೆ ಮಣ್ಣಿಗೆ ಮಣ್ಣಾಗಿ ಸೇರುತ್ತದೆ. ಇಎನ್ 13432ರ ಪ್ರಕಾರ ವಸ್ತುವಿನಲ್ಲಿ ಸುಟ್ಟರೆ ಹೋಗುವ ಭಾಗ ಕನಿಷ್ಠ 50% ಇರಬೇಕು. ಅಂದರೆ ಖನಿಜ ಅರ್ಧ ಮೀರುವಂತಿಲ್ಲ. ಉಳಿದ ಷರತ್ತುಗಳು ಹಾಗೇ ಇವೆ: ಆರು ತಿಂಗಳೊಳಗೆ ಪ್ಲಾಸ್ಟಿಕ್‌ನ ಇಂಗಾಲದ 90% ಅನಿಲವಾಗಬೇಕು, 12 ವಾರದ ನಂತರ 2 ಮಿಲಿಮೀಟರ್ ಜರಡಿಯ ಮೇಲೆ 10%ಗಿಂತ ಜಾಸ್ತಿ ಉಳಿಯಬಾರದು. ಬರೀ ಪಿಎಲ್‌ಎಗೆ ಇರುವ ಪ್ರಮಾಣಪತ್ರವನ್ನು ಪುಡಿ ಬೆರೆಸಿದ ಮಿಶ್ರಣಕ್ಕೆ ತೋರಿಸುವುದು ತಪ್ಪು. ಹೊಸ ಮಿಶ್ರಣಕ್ಕೆ, ಅದರ ದಪ್ಪಕ್ಕೆ ಹೊಸ ಪರೀಕ್ಷೆ ಬೇಕು. ಹೊಲದಲ್ಲಿ ಹೊದಿಸುವ ಹಾಳೆಗೆ ಬೇರೆಯೇ ಮಾನದಂಡ ಇದೆ, 2018ರ ಇಎನ್ 17033. ಅದು ಮಣ್ಣಿನಲ್ಲಿ ಎರಡು ವರ್ಷದೊಳಗೆ 90% ಕೇಳುತ್ತದೆ.

ಪುಡಿ ಹಾಕಿದ ಮಾತ್ರಕ್ಕೆ ಪಿಎಲ್‌ಎ ಹಿತ್ತಲ ಗುಂಡಿಯಲ್ಲಿ ಕೊಳೆಯುತ್ತದೆ ಅಂದುಕೊಳ್ಳಬೇಡಿ. ಅದಕ್ಕೆ ಇನ್ನೂ 58 ಡಿಗ್ರಿ ಆಸುಪಾಸಿನ ದೊಡ್ಡ ಕಾಂಪೋಸ್ಟ್ ಘಟಕದ ಬಿಸಿಯೇ ಬೇಕು.

ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳುತ್ತೇನೆ. ಪುಡಿಯನ್ನು ಹೆಚ್ಚಾಗಿ ಮಾಸ್ಟರ್‌ಬ್ಯಾಚ್ ಕಾಳುಗಳಾಗಿ ಮಾರುತ್ತಾರೆ. ಆ ಕಾಳಿನೊಳಗೆ ಪುಡಿಯನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಯಾವುದು? ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವವುಗಳಲ್ಲಿ ಅದು ಪಾಲಿಥೀನ್. ಅದನ್ನು ಹಾಕಿದರೆ ನಿಮ್ಮ ಕೊಳೆಯುವ ಚೀಲದೊಳಗೆ ಎಂದೂ ಕೊಳೆಯದ ಪ್ಲಾಸ್ಟಿಕ್ ಸೇರಿತು. ಪಿಬಿಎಟಿ ಅಥವಾ ಪಿಎಲ್‌ಎ ಹಿಡಿದಿರುವ ಮಾಸ್ಟರ್‌ಬ್ಯಾಚ್ ಮಾತ್ರ ತೆಗೆದುಕೊಳ್ಳಿ. ಹಾಗೆಯೇ ಪಾಲಿಥೀನ್‌ಗೆ ಸುಣ್ಣದ ಪುಡಿ ತುಂಬಿ "ಕಲ್ಲಿನಿಂದ ಮಾಡಿದ್ದು, ಪರಿಸರಕ್ಕೆ ಒಳ್ಳೆಯದು" ಅಂತ ಮಾರುವುದನ್ನು ನಂಬಬೇಡಿ. ಅದು ಪುಡಿಪುಡಿಯಾಗುತ್ತದೆ, ಕೊಳೆಯುವುದಿಲ್ಲ.

ಹಾಗಾದರೆ ಯಾವುದು?

ಸಾಮಾನು ತರುವ ಚೀಲವಾದರೆ ಪಿಬಿಎಟಿ ಜೊತೆ ಸ್ವಲ್ಪ ಪಿಎಲ್‌ಎ, ಲೇಪ ಇರುವ ಸಣ್ಣ ಕಣದ ಸುಣ್ಣದ ಪುಡಿ. 20%ರ ಹತ್ತಿರದಿಂದ ಶುರುಮಾಡಿ, ಬೆಸುಗೆಯ ಜಾಗ ಬಿಟ್ಟುಕೊಳ್ಳುತ್ತದೆಯೇ ನೋಡುತ್ತಾ ಮೇಲೆ ಹೋಗಿ. ಬಿಸಿ ಪಾನೀಯದ ಲೋಟ, ಚಮಚಕ್ಕೆ ಡಿ ರೂಪ ಕಡಿಮೆ ಇರುವ ಪಿಎಲ್‌ಎ, ಟಾಲ್ಕ್, ಬಿಸಿ ಅಚ್ಚು. ಬಿಸಿ ಅಚ್ಚಿನ ಖರ್ಚು ಆಗದು ಅಂದರೆ ಟಾಲ್ಕ್ ಹಾಕುವುದನ್ನೂ ಬಿಡಿ, ತಣ್ಣನೆಯ ಪದಾರ್ಥಕ್ಕೆ ಮಾತ್ರ ಬಳಸಿ. ಬಿಸ್ಕತ್ತು, ಕಾಳಿನಂಥ ಒಣ ಪದಾರ್ಥದ ಪೊಟ್ಟಣಕ್ಕೆ ಆಮ್ಲಜನಕ ತಡೆಯಬೇಕಾದರೆ ಪಿಬಿಎಸ್ ಅಥವಾ ಪಿಬಿಎಟಿಯಲ್ಲಿ ನ್ಯಾನೋ ಜೇಡಿ ಪ್ರಯತ್ನಿಸಬಹುದು. ಆದರೆ ಚೆನ್ನಾಗಿ ಬೆರೆಸುವ ಯಂತ್ರ ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ, ಟಾಲ್ಕ್ ಸಾಕು. ಸಸಿ ಬೆಳೆಸುವ ಕುಂಡಕ್ಕೆ ಸುಣ್ಣದ ಪುಡಿ ಧಾರಾಳವಾಗಿ ಹಾಕಿ. ಅಲ್ಲಿ ಪೆಟ್ಟು ತಾಳುವ ಗುಣ ಅಷ್ಟು ಬೇಡ, ಕೊಳೆಯುವಾಗ ಹುಟ್ಟುವ ಆಮ್ಲವನ್ನು ಸುಣ್ಣ ತಗ್ಗಿಸುತ್ತದೆ. ಗಾಜಿನಂಥ ಪಾರದರ್ಶಕ ಡಬ್ಬಿಗೆ? ಪುಡಿಯೇ ಬೇಡ ಅನ್ನುವುದು ನನ್ನ ಉತ್ತರ.

ಮಾಲು ಬಂದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಕೆಲವು ಗ್ರಾಂ ಕಾಳು ತೂಗಿ, ಕುಲುಮೆಯಲ್ಲಿ 550 ಡಿಗ್ರಿಗೆ ಪೂರ್ತಿ ಸುಡಿ, ಉಳಿದ ಬೂದಿ ತೂಗಿ. 550ರಲ್ಲಿ ಪ್ಲಾಸ್ಟಿಕ್ ಎಲ್ಲ ಹೋಗುತ್ತದೆ, ಸುಣ್ಣದ ಪುಡಿ ಒಡೆಯದೆ ಉಳಿಯುತ್ತದೆ. ಬಿಸಿಯನ್ನು 800–900ಕ್ಕೆ ಏರಿಸಿದರೆ ಅದೂ ಸುಟ್ಟ ಸುಣ್ಣವಾಗಿ ತೂಕ ಕಳೆದುಕೊಳ್ಳುತ್ತದೆ, ಲೆಕ್ಕ ಕೆಡುತ್ತದೆ. ಬೂದಿ 20%, ಚೀಟಿಯಲ್ಲಿ 30% ಅಂತ ಇದ್ದರೆ ಅಲ್ಲೇ ಕೇಳಿ. ಬೂದಿಯ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣದ ಪುಡಿ ಇದೆ. ಟಾಲ್ಕ್ ಆಗಲಿ ಜೇಡಿಯಾಗಲಿ ಸುಮ್ನೆ ಒದ್ದೆಯಾಗುತ್ತವೆ, ಅಷ್ಟೇ.

ಪೆಟ್ಟಿನ ಪರೀಕ್ಷೆಯನ್ನು ಅಚ್ಚಿನಿಂದ ತೆಗೆದ ದಿನವೇ ಮಾಡಿ ಮುಗಿಸಬೇಡಿ. ಪಿಎಲ್‌ಎ ಇರುವ ತುಂಡು ಸುಮ್ಮನೆ ಕಪಾಟಿನಲ್ಲಿ ಇದ್ದರೂ ಕೆಲವು ದಿನಗಳಲ್ಲಿ ಇನ್ನಷ್ಟು ಒಡೆಯುವಂತಾಗುತ್ತದೆ. ಒಂದೆರಡು ವಾರ ಇಟ್ಟು ಮತ್ತೆ ಹೊಡೆದು ನೋಡಿ. ಗಿರಾಕಿಯ ಕೈಗೆ ಹೋಗುವುದು ಆ ಹಳೆಯ ತುಂಡಿನಂಥ ವಸ್ತುವೇ, ಹಾಗಾಗಿ ಎರಡು ಪುಡಿಗಳ ನಡುವೆ ತೀರ್ಮಾನ ಮಾಡುವಾಗ ಆ ಎರಡನೆಯ ಸಂಖ್ಯೆಯನ್ನು ಹಿಡಿಯಿರಿ.